ಬಿಟ್ಟರೂ ಬಿಡದ ಎಕ್ಸಲೇಟರ್

ಬ್ರೇಕ್ ಹಿಡಿಯದ ಗಾಡಿಯವನನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ. ಎಕ್ಸಲೇಟರ್ ಬಿಡದ ಗಾಡಿಯವನಿಗೆ ಬೈಗುಳವೇ ಗತಿ. ನಾಸಿಕ್‌ನ ಗಂಗಾಪುರ ರಸ್ತೆಯಲ್ಲಿ ನನ್ನ ಭಾವಮೈದುನ ಕೈ ಸಡಿಲಿಸಿದ ಮೇಲೂ ಅವನ ಡರ್ಟ್ ಬೈಕ್ ಅರಚುತ್ತಲೇ ಇತ್ತು. ದ್ರಾಕ್ಷಿ ಮಾರುತ್ತಿದ್ದ ಆಜಿ, ಹರೆಯದ ಕೊಬ್ಬು ಎಂದು ಮರಾಠಿಯಲ್ಲಿ ಶಪಿಸಿದಳು. ನಲವತ್ತು ದಾಟಿದ ಅವನಿಗೆ ಒಳಗೊಳಗೇ ಖುಷಿ.

ಇಂಥ ಹೊತ್ತಿನಲ್ಲಿ ಕ್ಲಚ್ ಹಿಡಿದು, ಎಂಜಿನ್ ಆರಿಸುವ ಕೆಂಪು ಸ್ವಿಚ್ ಒತ್ತಬೇಕು. ನಮ್ಮಲ್ಲಿ ಆ ಸ್ವಿಚ್ ಬಳಕೆಗೆ ಬರುವುದು ಯಾವನೋ ತುಂಟ ಒತ್ತಿ ಹೋದಾಗ ಮಾತ್ರ. ಮಾಲೀಕ ಅದು ತಿಳಿಯದೆ ಕಿಕ್ ಹೊಡೆದು ಹೊಡೆದು ಬೆವರುತ್ತಾನೆ.

ಗಾಡಿಯನ್ನು ಟೆಂಪೊಗೆ ಹಾಕಿ, ಯೇವಲಾ, ವೈಜಾಪುರದ ಮೇಲೆ ಛತ್ರಪತಿ ಸಂಭಾಜಿನಗರದ ಚಿಕ್ಕಪ್ಪನ ಮನೆಗೆ ಒಯ್ದೆವು. ಪಕ್ಕದ ವಾಳೂಜ್‌ನಲ್ಲಿ 1985ರಿಂದ ಬಜಾಜ್ ಕಾರ್ಖಾನೆ ಇರುವುದರಿಂದ ಆ ಬೀದಿಯಲ್ಲಿ ಎಲ್ಲರೂ ವೈದ್ಯರೇ. ಒಬ್ಬರು ಸ್ಪ್ರಿಂಗ್ ಸೋತಿದೆ ಎಂದರು. ಇನ್ನೊಬ್ಬರು ಕಾರ್ಬೊರೇಟರ್ ಒಳಗಿನ ಸ್ಲೈಡಿಗೆ ಎರೆಮಣ್ಣಿನ ಧೂಳು ಹತ್ತಿದೆ ಎಂದರು. ಚಿಕ್ಕಮ್ಮನ ಪ್ರಕಾರ ದೋಷ ಗಾಡಿಯದಲ್ಲ, ಈ ವಯಸ್ಸಿನಲ್ಲಿ ಅದನ್ನು ಕೊಂಡ ಬುದ್ಧಿಯದು.

ನಿವೃತ್ತ ಫಿಟರ್ ಒಬ್ಬರು ಮಾತ್ರ ಏನನ್ನೂ ಬಿಚ್ಚಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ತಿರುಗಿಸು ಎಂದರು. ಯಾರೂ ಎಕ್ಸಲೇಟರ್ ಮುಟ್ಟದಿದ್ದರೂ ಸದ್ದು ಏರಿತು! "ಕೇಬಲ್ ಎಳೀತಿದೆ. ಹ್ಯಾಂಡಲ್ ಎತ್ತರಿಸಿದವರು ಯಾರಪ್ಪಾ?"

ಭಾವಮೈದುನ ಟ್ಯಾಂಕ್ ಒರೆಸತೊಡಗಿದ. ಎತ್ತರಿಸಿದವನು ಅವನೇ, ಮರುಭೂಮಿಯಲ್ಲಿ ಬೈಕ್ ಓಡಿಸುವ ಡಕಾರ್ ಸವಾರರನ್ನು ನೋಡಿ. ಡಕಾರ್ ರ‍್ಯಾಲಿಯನ್ನು 2015ರಲ್ಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಕೂಡ ಮುಗಿಸಿದರು. ಅಂಥವರು ಮರಳಿನಲ್ಲಿ ಎದ್ದು ನಿಂತೇ ಓಡಿಸುತ್ತಾರೆ, ಅದಕ್ಕೆ ಎತ್ತರದ ಹ್ಯಾಂಡಲ್ ಬೇಕು. ಇವನು ಎದ್ದು ನಿಲ್ಲುವುದು ಸ್ಪೀಡ್ ಬ್ರೇಕರ್ ಬಂದಾಗ.

ಫಿಟರ್ ಹಿಡಿಕೆ ಕಳಚಿ, ಒಳಗಿನ ಧೂಳನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಕೇಬಲ್ ಬಿಚ್ಚಿ ಎಳೆ ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಎಳೆ ಬಿಟ್ಟಿದ್ದರೆ ಯಾವ ಎಣ್ಣೆಯೂ ಕಾಯುವುದಿಲ್ಲವಂತೆ, ಎಸೆಯಬೇಕು. ಬಿಟ್ಟಿರಲಿಲ್ಲ. ತುದಿಗೆ ಪ್ಲಾಸ್ಟಿಕ್ ಹಾಳೆಯ ಆಲಿಕೆ ಕಟ್ಟಿ, ಎಣ್ಣೆ ಸುರಿದು, ರಾತ್ರಿಯಿಡೀ ತೂಗುಹಾಕಿದರು. ಬೆಳಿಗ್ಗೆ ಅದು ಸಲೀಸಾಗಿ ಆಡಿತು.

"ಇನ್ನು ಹಳೇ ಹ್ಯಾಂಡಲ್ ಹಾಕಿಬಿಡು" ಎಂದರು. ಭಾವಮೈದುನ ಅವರ ಕಾಲು ಮುಟ್ಟಿ ನಮಸ್ಕರಿಸಿ, ನೇರ ಅಂಗಡಿಗೆ ಹೋಗಿ ಇನ್ನೂ ಉದ್ದದ ಕೇಬಲ್ ಕೊಂಡುತಂದ.