ನೀರುಕುದುರೆಗೆ ಯಾರಿದ್ದಾರೆ?

ಊರೆಂದ ಮೇಲೆ ಒಬ್ಬ ಕ್ರಿಕೆಟ್ ಹುಚ್ಚ, ಒಬ್ಬ ರಾಜಕೀಯ ಪಂಡಿತ, ಒಬ್ಬ ನಾಟಿ ವೈದ್ಯ ಇರಲೇಬೇಕು. ಮೊಳಕಾಲ್ಮೂರಿನಲ್ಲಿ ನಮ್ಮ ಬೀದಿಯ ಪಾಲಿಗೆ ಬಂದವರು ಝೂ ಮೇಷ್ಟ್ರು. ಸಮಾಜ ಪಾಠ ಹೇಳಿ ನಿವೃತ್ತರಾದವರು. ಸರ್ವೀಸಿನಲ್ಲಿದ್ದಷ್ಟು ಕಾಲವೂ ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಮೈಸೂರಿಗೆ ಹೊರಡುವುದು ಅವರದೇ ಹೊಣೆ. ಮಿಕ್ಕ ಮೇಷ್ಟ್ರುಗಳು ಅರಮನೆ, ಚಾಮುಂಡಿ ಬೆಟ್ಟ, ಕೆಆರ್‌ಎಸ್ ಎಂದು ಪಟ್ಟಿ ಹಾಕುವರು. ಇವರು ಬೆಳಿಗ್ಗೆ ಝೂ ಹೊಕ್ಕರೆ ಕಾವಲುಗಾರ ಸಂಜೆ ಸೀಟಿ ಊದುವವರೆಗೆ ಆಚೆ ಬರುತ್ತಿರಲಿಲ್ಲ. ನಮ್ಮೂರಿನ ಎರಡು ತಲೆಮಾರಿನ ಮಕ್ಕಳು ಅರಮನೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಬಂದದ್ದು ಹೀಗೆ. ಮಂಗಳವಾರ ಮೈಸೂರು ಝೂಗೆ ರಜೆ ಎಂಬುದು ನಮ್ಮ ಬೀದಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಇಲ್ಲಿ ಒಂದು ಭೇದ ತಿಳಿಯಬೇಕು. ಪ್ರಾಣಿಪ್ರಿಯರು ಬೇರೆ, ಝೂಪ್ರಿಯರು ಬೇರೆ. ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಕರಡಿಗಳಿವೆ, ಚಿರತೆಗಳಿವೆ, ಟಿಕೆಟ್ಟೂ ಇಲ್ಲ. ಒಮ್ಮೆ ಕರಡಿಯೊಂದು ಊರಂಚಿನ ಶೇಂಗಾ ಹೊಲಕ್ಕಿಳಿದಾಗ ಊರಿಗೆ ಊರೇ ಓಡಿತು. ಮೇಷ್ಟ್ರು ಜಗಲಿಯಿಂದ ಕದಲಲಿಲ್ಲ. “ವಯಸ್ಸೆಷ್ಟು, ಗಂಡೋ ಹೆಣ್ಣೋ, ಯಾವ ಕಾಡಿಂದು, ಒಂದು ಬೋರ್ಡಾದರೂ ಬೇಡವೇನ್ರಿ? ಅಂಥ ಕರಡಿ ಏನು ನೋಡ್ತೀರಿ!” ಎಂದು ಪೇಪರ್ ಮಡಿಚಿದರು. ಚಿತ್ರದುರ್ಗದ ಆಡುಮಲ್ಲೇಶ್ವರದಲ್ಲಿರುವ ಕಿರು ಮೃಗಾಲಯ ಅವರ ಬಾಯಲ್ಲಿ ‘ಬ್ರಾಂಚ್ ಆಫೀಸು’. ಹೆಡ್ಡಾಫೀಸು ಮೈಸೂರು. ಮಗ್ಗದ ಮನೆಗಳಿಗೆ ಹೋದರೆ ಸೀರೆಯ ಸೆರಗಿನಲ್ಲಿರುವ ನವಿಲಿನ ಕಾಲ್ಬೆರಳು ಎಣಿಸುವರು. “ಮುಂದೆ ಮೂರು, ಹಿಂದೊಂದು ಇರಬೇಕಪ್ಪ. ನೀನು ಹಿಂದಿನದೇ ಬಿಟ್ಟಿದ್ದೀಯ” ಎನ್ನುವರು. ನವಿಲಿನ ಕಾಲ್ಬೆರಳು ನೋಡಿ ಸೀರೆ ಕೊಳ್ಳುವ ಹೆಂಗಸು ಇನ್ನೂ ಹುಟ್ಟಿಲ್ಲವೆಂದು ನೇಕಾರ ಹೇಳಿದರೆ, ತಪ್ಪು ಹೆಂಗಸರದ್ದು.

ಅವರ ಬತ್ತಳಿಕೆಯ ಬ್ರಹ್ಮಾಸ್ತ್ರವೆಂದರೆ 1892. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಪತ್ತೆ ಮಾಡಿದ್ದು 1892ರಲ್ಲಿ. ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಮೃಗಾಲಯ ತೆರೆದದ್ದೂ 1892ರಲ್ಲೇ. ತಂದೆತಾಯಿಗಳ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂದು ಅಶೋಕ ಕೆತ್ತಿಸಿದ ಕಲ್ಲು ನಮ್ಮ ಊರ ಬಳಿ ಸಿಕ್ಕ ವರ್ಷವೇ ಅಲ್ಲಿ ಝೂ ಶುರುವಾಯಿತೆಂದರೆ, ಮೇಷ್ಟ್ರ ಪ್ರಕಾರ ಇದು ಸುಮ್ಮನೆ ಕೂಡಿಬಂದದ್ದಲ್ಲ. ಎರಡಕ್ಕೂ ನಡುವೆ ಇರುವ 300 ಕಿಲೋಮೀಟರಿಗೂ ಮೀರಿದ ದಾರಿ ಮಾತ್ರ ಯಾರದ್ದೋ ಅಚಾತುರ್ಯ.

ಹೀಗಿರುವಾಗ ಕೊರೊನಾ ಬಂತು. 2020ರ ಮಾರ್ಚ್ 24ರ ರಾತ್ರಿ ಪ್ರಧಾನಿಗಳು ಟೀವಿಯಲ್ಲಿ 21 ದಿನಗಳ ಲಾಕ್‌ಡೌನ್ ಸಾರಿದಾಗ ಬೀದಿಯವರೆಲ್ಲ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕಕ್ಕೆ ಕೂತರು. ಮೇಷ್ಟ್ರು ಆನೆಯ ಲೆಕ್ಕಕ್ಕೆ ಕೂತರು. ಒಂದು ಆನೆಗೆ ದಿನಕ್ಕೆ 150 ಕೆ.ಜಿ. ಮೇವೆಂದರೂ ತಿಂಗಳಿಗೆಷ್ಟಾಯಿತು? ಮೈಸೂರು ಝೂ ನಡೆಯುವುದು ಬಹುಪಾಲು ಗೇಟಿನ ದುಡ್ಡಿನಲ್ಲಿ. ಗೇಟು ಅದಕ್ಕೂ ಮೊದಲೇ ಮುಚ್ಚಿತ್ತು. “ಮೇಷ್ಟ್ರೇ, ಇಲ್ಲಿ ಮನುಷ್ಯರ ಗತಿ ನೋಡ್ರಿ” ಎಂದು ಎದುರುಮನೆಯಾತ ರೇಗಿದ. ಮೇಷ್ಟ್ರ ಉತ್ತರ ಸಿದ್ಧವಿತ್ತು. “ಮನುಷ್ಯರಿಗೆ ಆರೋಗ್ಯ ಮಂತ್ರಿ ಇದ್ದಾರೆ. ಅದೂ ನಮ್ಮ ಕ್ಷೇತ್ರದ ಎಮ್ಮೆಲ್ಲೆ ಶ್ರೀರಾಮುಲು ಅವರೇ. ನೀರುಕುದುರೆಗೆ ಯಾರಿದ್ದಾರೆ?”

ಎದುರುಮನೆಯಾತ ರೇಗಿದ್ದಕ್ಕೆ ಕಾರಣವಿತ್ತು. ಏಪ್ರಿಲ್, ಮೇ ಎಂದರೆ ಮದುವೆಯ ಕಾಲ. ಮೊಳಕಾಲ್ಮೂರು ಸೀರೆಗೆ ನಾಲ್ಕು ಕಾಸು ಹುಟ್ಟುವ ಕಾಲ. ಮದುವೆಗಳು ಮುಂದಕ್ಕೆ ಹೋದವು, ಆದ ಮದುವೆಗಳಲ್ಲಿ ಸೀರೆ ನೋಡಲು ಜನವಿರಲಿಲ್ಲ. ನೂಲು ಬರುವುದು ನಿಂತಿತು, ನೇಯ್ದಿಟ್ಟದ್ದನ್ನು ಕೇಳುವವರಿಲ್ಲ. ಬೆಳಗಿನಿಂದ ಕೇಳುತ್ತಿದ್ದ ಮಗ್ಗದ ಸದ್ದಿಲ್ಲದೆ ಬೀದಿಯಲ್ಲಿ ಮಾತೂ ಕಡಿಮೆಯಾಗಿತ್ತು. ಆಗ ಬಾಯಿ ತೆರೆಯುತ್ತಿದ್ದವರು ಮೇಷ್ಟ್ರೊಬ್ಬರೇ. ಸಾಲದ ಕಂತು, ಮಗಳ ಮದುವೆ, ಪಡಿತರದ ಸಾಲು ಯಾವುದನ್ನೂ ಯಾರೂ ಎತ್ತಲಾರರು. ಜಿರಾಫೆಗೆ ಸೊಪ್ಪು ಸಿಕ್ಕಿತೋ ಇಲ್ಲವೋ ಎಂಬುದನ್ನು ಎಷ್ಟು ಹೊತ್ತು ಬೇಕಾದರೂ ಚರ್ಚಿಸಬಹುದಿತ್ತು. ಬರಬರುತ್ತಾ ರೇಗಿದಾತನೇ ಸಂಜೆ ಕಟ್ಟೆಗೆ ಬಂದು, ಮೂರಡಿ ದೂರ ಕೂತು, “ಇವತ್ತು ಜಿರಾಫೆ ಏನಂತು ಮೇಷ್ಟ್ರೇ?” ಎನ್ನತೊಡಗಿದ.

ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಹಚ್ಚಿ ಮಲಗಿದ ಬೀದಿ ಬೆಳಿಗ್ಗೆ ಎದ್ದರೆ ನ್ಯೂಯಾರ್ಕಿನ ಸುದ್ದಿ. ಬ್ರಾಂಕ್ಸ್ ಝೂನಲ್ಲಿ ನಾಡಿಯಾ ಎಂಬ ನಾಲ್ಕು ವರ್ಷದ ಮಲಯನ್ ಹುಲಿಗೆ ಕೊರೊನಾ. ನೋಡಿಕೊಳ್ಳುವವರಿಂದಲೇ ಹತ್ತಿರಬೇಕಂತೆ. ಅದಕ್ಕೂ ಒಣಕೆಮ್ಮಂತೆ. ಮೇಷ್ಟ್ರು ಆ ದಿನ ಊಟ ಬಿಟ್ಟರು. ಹುಲಿ ಬೆಕ್ಕಿನ ಕುಲವಲ್ಲವೇ? ಮನೆಯ ಬೆಕ್ಕಿಗೆ ಅಂದಿನಿಂದ ಹಿತ್ತಲಲ್ಲಿ ಕ್ವಾರಂಟೈನು. ಮಾಸ್ಕ್ ಹಾಕಿಕೊಂಡು, ಹಾಲಿನ ಬಟ್ಟಲನ್ನು ಕೋಲಿನಿಂದ ತಳ್ಳುವರು. ಅವರ ಮನೆಯವರು ಎರಡು ದಿನ ಸಹಿಸಿದರು. ಮೂರನೆಯ ದಿನ, “ರೀ, ಅದು ಇಲಿ ಹಿಡಿಯೋಕೆ ಬಿಡ್ತೀರೋ, ಇಲ್ಲ ಇಲಿಗೂ ಸ್ಯಾನಿಟೈಸರ್ ಹಚ್ಚಿ ಕೊಡ್ತೀರೋ?” ಎಂದು ಬೆಕ್ಕನ್ನು ಎತ್ತಿ ಒಳಗೆ ತಂದರು. ಜೂನ್ 8ರಂದು ಮೈಸೂರು ಝೂ ಮತ್ತೆ ಬಾಗಿಲು ತೆರೆದಾಗ ಮೇಷ್ಟ್ರು ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದರು. ಅಷ್ಟು ದೂರ ತಾವು ಹೋಗಲಾರರೆಂಬುದು ಅವರಿಗೆ ಹೊಳೆದದ್ದು ಹಂಚಿ ಮುಗಿದ ಮೇಲೆ.

ಎರಡನೆಯ ಅಲೆಯಲ್ಲಿ ಕಥೆ ಬೇರೆಯಾಯಿತು. 2021ರ ಮೇ ತಿಂಗಳ ಮೊದಲ ವಾರ ಹೈದರಾಬಾದಿನ ನೆಹರೂ ಮೃಗಾಲಯದ ಎಂಟು ಸಿಂಹಗಳಿಗೆ ಸೋಂಕೆಂದು ಟೀವಿಯಲ್ಲಿ ದಿನವಿಡೀ ಬಂತು. ಕಟ್ಟೆಯಲ್ಲಿ ಎಲ್ಲರೂ ಕಾದರು. ಮೇಷ್ಟ್ರು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಎಂಟು ಸಿಂಹಗಳು ಕೆಮ್ಮುತ್ತಿರುವಾಗ ಈ ಮನುಷ್ಯ ಸುಮ್ಮನಿದ್ದಾರೆಂದರೆ ಏನೋ ಕೆಟ್ಟಿದೆ ಎಂದು ಬೀದಿಗೆ ತಿಳಿಯಿತು. ಬೆಂಗಳೂರಿನಲ್ಲಿದ್ದ ಮಗನಿಗೆ ಆಕ್ಸಿಜನ್ ಇಳಿದಿತ್ತು, ಬೆಡ್ಡಿಗಾಗಿ ಸೊಸೆ ಊರೆಲ್ಲ ಫೋನು ತಿರುಗಿಸುತ್ತಿದ್ದಳು. ನಾವು ಹೋಗಿ ಬಾಗಿಲಾಚೆ ನಿಂತರೆ ಮೇಷ್ಟ್ರು ಫೋನು ಕೈಯಲ್ಲಿ ಹಿಡಿದು ಕೂತಿದ್ದರು. ಯಾರಿಗೂ ಮಾತು ಹೊರಡಲಿಲ್ಲ. ಒಂದು ಸಂಜೆ ಕಟ್ಟೆಗೆ ತಾವಾಗಿಯೇ ಬಂದರು. ಮೂರಡಿ ದೂರ ಕೂತರು. ಗಂಟಲು ಸರಿಮಾಡಿಕೊಂಡು ಕೇಳಿದರು: “ಆ ಹೈದರಾಬಾದಿನ ಸಿಂಹಗಳು ಹೇಗಿವೆಯಂತೆ?” ಎದುರುಮನೆಯಾತ ಅಂದೇ ಮಗ್ಗಕ್ಕೆ ಪೂಜೆ ಮಾಡಿಸಿದ.

ಜೂನ್ ತಿಂಗಳಲ್ಲಿ ನಟ ದರ್ಶನ್ ಮೃಗಾಲಯದ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿ ಎಂದು ಕರೆಕೊಟ್ಟರು. ಕೆಲವೇ ದಿನಗಳಲ್ಲಿ ಕೂಡಿದ ದುಡ್ಡು ಕೋಟಿ ದಾಟಿತು. ಮೇಷ್ಟ್ರು ಸುಮ್ಮನಿರುವರೇ? ಟೀ ಅಂಗಡಿಯ ಹಿಂದೆ ಸಭೆ ಸೇರಿಸಿದರು. ವರ್ಷಕ್ಕೆ ಆನೆಗೆ 1.75 ಲಕ್ಷ, ಹುಲಿಗೆ 1 ಲಕ್ಷ ಎಂದು ದರಪಟ್ಟಿ ಓದಿದರು. “ಆನೆಯ ಬಾಲವೊಂದನ್ನೇ ಕೊಡಕ್ಕೆ ಬರಲ್ವಾ?” ಎಂದು ಟೀ ಅಂಗಡಿಯಾತ ಕೇಳಿದ. ಕೊನೆಗೆ 1,000 ರೂಪಾಯಿಯ ಲವ್‌ಬರ್ಡ್ಸ್ ಎಂದು ನಿಕ್ಕಿಯಾಯಿತು. ಹಿರಿಯರೊಬ್ಬರು ತಡೆದರು: “ಲವ್ವು ಗಿವ್ವು ಬೇಡ, ಮನೇಲಿ ಬೆಳೆದ ಹೆಣ್ಣುಮಕ್ಕಳವ್ರೆ.” ಅದು ಗಿಳಿಯ ಜಾತಿ, ಮರ್ಯಾದಸ್ಥ ಪಕ್ಷಿ ಎಂದು ಮೇಷ್ಟ್ರು ಆಣೆಯಿಟ್ಟ ಮೇಲೆ ಹತ್ತು, ಇಪ್ಪತ್ತು ಕೂಡಿತು. ಸರ್ಟಿಫಿಕೇಟಿನಲ್ಲಿ ಯಾರ ಹೆಸರು ಎಂಬ ಜಗಳ ಮಾತ್ರ ದುಡ್ಡು ಕೂಡಿಸಿದ್ದಕ್ಕಿಂತ ಹೆಚ್ಚು ದಿನ ನಡೆಯಿತು.

ಇದನ್ನೆಲ್ಲ ಗೋಡೆಗೊರಗಿ ನೋಡುತ್ತಿದ್ದವನು ಚಳ್ಳಕೆರೆ ಕಡೆಯ ಒಬ್ಬ ಕಿಲಾರಿ. ನಮ್ಮ ಸೀಮೆಯಲ್ಲಿ ಮ್ಯಾಸನಾಯಕರು ದೇವರಿಗೆ ಬಿಟ್ಟ ಎತ್ತುಗಳಿವೆ. ನೊಗಕ್ಕೆ ಕಟ್ಟುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಕಾಯುವವನು ಕಿಲಾರಿ. ಬೇಸಿಗೆಯಲ್ಲಿ ಮೇವು ಮುಗಿದರೆ ಭಕ್ತರೇ ಹುಲ್ಲು ಒಪ್ಪಿಸುವುದು ಹಿಂದಿನಿಂದ ಬಂದದ್ದು.

“ಸಾಮಿ, ಗಿಳಿಗೆ ಸಾವಿರ ಕೊಟ್ರಿ, ಒಳ್ಳೇದಾತು. ದೇವರೆತ್ತಿಗೂ ಒಂದು ಗಾಡಿ ಹುಲ್ಲು ಹಾಕ್ಸಿ.”

“ವರ್ಷಕ್ಕೆ ರೇಟು ಎಷ್ಟಪ್ಪ?”

“ರೇಟಿಲ್ಲ ಸಾಮಿ. ಹರಕೆ ಇದ್ರೆ ಹೇಳ್ರಿ.”

ಮೇಷ್ಟ್ರು ತಲೆಯೆತ್ತಲಿಲ್ಲ. ಹರಕೆ ಇತ್ತೆಂದು ಕಾಣುತ್ತದೆ. ಮರುವಾರ ಒಂದಲ್ಲ, ಎರಡು ಗಾಡಿ ಹುಲ್ಲು ಹೋಯಿತು. ಸರ್ಟಿಫಿಕೇಟ್ ಕೇಳಲಿಲ್ಲ.

ಆಗಸ್ಟ್ ತಿಂಗಳಲ್ಲಿ ಕಿಲಾರಿ ಮತ್ತೆ ಬಂದಾಗ ಮೇಷ್ಟ್ರು ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದರು. ಏನೆಂದು ಕೇಳಿದ. ಜರ್ಮನಿಯಿಂದ ಮೈಸೂರಿಗೆ ಥಾಬೊ, ಡೆಂಬಾ ಎಂಬ ಎರಡು ಗೊರಿಲ್ಲಾ ಬಂದಿವೆ, ಅಲ್ಲಿ ಏನೇನು ತಿಂದು ಬೆಳೆದಿದ್ದವೋ, ನಮ್ಮ ಕಡೆಯ ಬಾಳೆಹಣ್ಣು ಅವಕ್ಕೆ ಒಗ್ಗುತ್ತೋ ಇಲ್ಲವೋ ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು.

ಕಿಲಾರಿ ಹೆಗಲ ಟವೆಲ್ಲು ಕೊಡವಿಕೊಂಡು ನಮ್ಮ ಕಡೆ ತಿರುಗಿ ಹೇಳಿದ: “ಅಂಗಾದ್ರೆ ಮಗ ಆರಾಮಾಗವ್ನೆ ಬಿಡ್ರಿ.”