ನಿಮ್ಮ ಮೋಗ್ರಾ ಯಾವ ಲೋಕಲ್ ಹಿಡೀತದೆ?

ನಿಮ್ಮ ಬಾಲ್ಕನಿಯಲ್ಲಿ ಕುಂಡ ಎಷ್ಟು ಉಂಟು ಮಾರಾಯ್ರೆ? (ಒಣಗಿದ್ದನ್ನೂ ಸೇರಿಸಿ ಹೇಳಿ, ನಾನು ಯಾರಿಗೂ ಹೇಳೋದಿಲ್ಲ.) ಥಾಣೆಯ ಘೋಡ್‌ಬಂದರ್ ರೋಡಿನಲ್ಲಿ ನರ್ಸರಿ ಕಂಡದ್ದೇ ತಡ, ರಿಕ್ಷಾ ನಿಲ್ಲಿಸಿ ಇಳಿಯೋರು ನೀವೇ ಅಲ್ವಾ? ಗಿಡಕ್ಕೆ ಮೂಗು ತಾಗಿಸ್ತೀರಿ, ಭಯ್ಯಾ 'ಬಾರಾ ಮಹೀನಾ ಫೂಲ್ ದೇಗಾ' ಅಂತಾನೆ, ನೀವು ನಂಬ್ತೀರಿ. ತರಕಾರಿಯವನ ಹತ್ತಿರ ಹತ್ತು ರೂಪಾಯಿಗೆ ಜಗಳ ಆಡೋ ನೀವು!

ಆದರೆ ಒಂದು ಪ್ರಶ್ನೆ ಮಾತ್ರ ಕೇಳೋದೇ ಇಲ್ಲ. ಈ ಹೂವು ಎಷ್ಟು ಗಂಟೆಗೆ ಘಮ್ಮೆನ್ನುತ್ತದೆ? ಆ ಹೊತ್ತಿಗೆ ನೀವು ಎಲ್ಲಿರ್ತೀರಿ? ಗಿಡ ಕೊಳ್ಳುವ ಮೊದಲು ಎಂ-ಇಂಡಿಕೇಟರ್ ಆ್ಯಪ್ ತೆಗೆದು ನಿಮ್ಮ ಲೋಕಲ್ ಟ್ರೇನಿನ ಟೈಮು ನೋಡಬೇಕು ಸ್ವಾಮಿ.

ಪಾರಿಜಾತವನ್ನೇ ತಗೊಳ್ಳಿ. ರಾತ್ರಿ ಅರಳುತ್ತದೆ, ಬೆಳಗಾಗುವಾಗ ಉದುರುತ್ತದೆ. ನೀವೋ ಡೊಂಬಿವಲಿ ಫಾಸ್ಟ್ ಹಿಡಿಯೋ ಗಡಿಬಿಡಿಯಲ್ಲಿ ಅದರ ಮೇಲೇ ಕಾಲಿಟ್ಟು ಓಡ್ತೀರಿ. (ಅದು ಮರ ಆಗೋ ಜಾತಿ ಅಂತ ನರ್ಸರಿಯವನೂ ಹೇಳಲಿಲ್ಲ, ನೀವೂ ಕೇಳಲಿಲ್ಲ.)

ರಾತ್‌ರಾಣಿ ಬೇಕಾ? ಅದರ ಪರಿಮಳ ಜೋರಾಗೋದು ನೀವು ಕಿಟಕಿ ಜಡಿದು ಏಸಿ ಹಾಕಿ ಮಲಗಿದ ಮೇಲೆ. ನಿಮಗಾಗಿ ಅದು ಗಂಧ ಬಿಡೋದೂ ಅಲ್ಲ, ಇರುಳು ಹಾರುವ ಪತಂಗಗಳನ್ನು ಕರೆಯೋದಕ್ಕೆ. ಕರೆಂಟ್ ಬಿಲ್ ನಿಮ್ಮದು, ಪರಿಮಳ ಪಕ್ಕದ ಫ್ಲ್ಯಾಟಿನವರದು. ಮಿತಿ ಮೀರಿದರೆ ಅವರಿಗೆ ತಲೆನೋವು, ನಿಮಗೆ ಸೊಸೈಟಿ ನೋಟಿಸು.

'ರಾತ್‌ರಾಣಿ ಇಟ್ಟರೆ ಹಾವು ಬರ್ತದೆ' ಅಂತ ಊರಿನಿಂದ ಅಮ್ಮನ ಫೋನು ಬೇರೆ. ಬರಲಿ ಬಿಡಿ! ಗೇಟಿನಲ್ಲಿ ವಾಚ್‌ಮನ್ ಹತ್ತಿರ ಎಂಟ್ರಿ ಮಾಡಿಸಿ, ಆ್ಯಪ್‌ನಲ್ಲಿ ಅಪ್ರೂವಲ್ ಪಡೆದು, ಲಿಫ್ಟಿನಲ್ಲಿ ಹದಿನಾಲ್ಕನೇ ಮಾಳಿಗೆಗೆ ಬರೋ ಹಾವಿಗೆ ಒಂದು ಲೋಟ ಹಾಲಾದರೂ ಕೊಡಬೇಡವೇ?

ಈಗ ಅಸಲು ರೋಗಕ್ಕೆ ಬರೋಣ. ಅದೇ, ಮಲ್ಲಿಗೆ. ಇಲ್ಲಿಯ ಮೋಗ್ರಾ ನಿಮಗೆ ಸಾಲದು, ಉಡುಪಿ ಕಡೆಯ ಶಂಕರಪುರದ್ದೇ ಆಗಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ ಒಪ್ಪಿಸ್ತೀರಿ. ಉಡುಪಿ ಮಲ್ಲಿಗೆಗೆ ಜಿಐ ಟ್ಯಾಗ್ ಉಂಟು ಅಂತ ಮರಾಠಿ ನೆರೆಯವರಿಗೆ ಭಾಷಣ ಕೊಡ್ತೀರಿ. ಆಮೇಲೆ ಗಿಡದ ಬುಡಕ್ಕೆ ಒದ್ದೆ ಗೋಣಿ ಸುತ್ತಿ, ಮತ್ಸ್ಯಗಂಧಾ ರೈಲಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟು ಥಾಣೆಯಲ್ಲಿ ಇಳಿಸ್ತೀರಿ.

ಫಲ? ಹಸಿರೋ ಹಸಿರು, ಹೂವು ಮಾತ್ರ ಇಲ್ಲ. ಹೇಗೆ ಬಿಡಬೇಕು ಹೇಳಿ. ಅದಕ್ಕೆ ಬೇಕಾದದ್ದು ದಿನಕ್ಕೆ ಐದಾರು ಗಂಟೆ ನೇರ ಬಿಸಿಲು. ನೀವು ಬಾಲ್ಕನಿಗೆ ಗ್ರಿಲ್ಲು, ಸ್ಲೈಡಿಂಗು, ಮೇಲಿಂದ ಪತ್ರಾ, ಬಟ್ಟೆ ಒಣಗಿಸೋ ಹಗ್ಗ ಎಲ್ಲ ಹಾಕಿ ಉಳಿದ ಕತ್ತಲೆಯನ್ನು ಗಿಡಕ್ಕೆ ಕೊಟ್ಟಿದ್ದೀರಿ. ಮೇಲಿಂದ ಪ್ರೀತಿ ಜಾಸ್ತಿಯಾಗಿ ಯೂರಿಯಾ. ಸಾರಜನಕ ಹೆಚ್ಚಾದರೆ ಎಲೆ ಕೊಬ್ಬುತ್ತದೆ, ಮೊಗ್ಗು ಬರೋದಿಲ್ಲ.

ಕತ್ತರಿ ಹಾಕಿ ಅಂದರೆ 'ಅಯ್ಯೋ ಪಾಪ' ಅಂತೀರಿ. ಮಲ್ಲಿಗೆ ಬಿಡೋದೇ ಹೊಸ ಚಿಗುರಿನ ತುದಿಯಲ್ಲಿ ಮಾರಾಯ್ರೆ! ಜನವರಿ ಕೊನೆಗೆ ಧೈರ್ಯ ಮಾಡಿ ಸವರಿ, ಎಲೆ ಕಿತ್ತು ಬುಡಕ್ಕೆ ಗೊಬ್ಬರ ಕೊಟ್ಟರೆ ಮಾರ್ಚಿನಿಂದ ಮೊಗ್ಗು ಸುರು. ಏಪ್ರಿಲ್, ಮೇಯಲ್ಲಿ ಹಬ್ಬ. ಆಗ ನೀವೆಲ್ಲಿ? ಮಕ್ಕಳಿಗೆ ರಜೆ ಅಂತ ಊರಲ್ಲಿ ಹಲಸಿನ ಹಣ್ಣು ಬಿಡಿಸ್ತಾ ಕೂತಿರ್ತೀರಿ! ಜೂನಿಗೆ ವಾಪಸು ಬಂದರೆ ಕಡ್ಡಿ. ಜುಲೈಯಲ್ಲಿ ಕಡ್ಡಿಯೂ ಕೊಳೆತಿರ್ತದೆ, ಕುಂಡದ ಕೆಳಗಿನ ತೂತು ಮುಚ್ಚಿದ್ದು ನೆನಪಾಗೋದೇ ಆಗ. (ಕೆಳಗಿನ ಮನೆಯವರ ಬಟ್ಟೆ ಮೇಲೆ ನೀರು ಬೀಳಬಾರದು ಅಂತ ನೀವೇ ಮುಚ್ಚಿದ್ದು, ಹೌದೋ ಅಲ್ವೋ?)

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದವರದ್ದು ಇನ್ನೊಂದು ಕತೆ. ಕಾರ್ಖಾನೆಗಳ ವಾಸನೆಯನ್ನು ಒಂದು ಸುಗಂಧರಾಜದ ಗೆಡ್ಡೆಯಿಂದ ಸೋಲಿಸುವ ಆಸೆ ನಿಮಗೆ! 2020ರಲ್ಲಿ ಕಾರ್ಖಾನೆಗಳ ಕೆಮಿಕಲ್‌ನಿಂದ ಅಲ್ಲಿಯ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ನೆನಪುಂಟಲ್ಲ? ಅದರ ಎದುರು ನಿಮ್ಮ ಗುಲಾಬಿ ಕುಂಡ ಏನು ಮಾಡೀತು ಪಾಪ.

ಹಾಗಾದರೆ ಎಂತ ಇಡೋದು ಅಂತೀರಾ? ಹಗಲು ಮನೆಯಲ್ಲಿ ಅತ್ತೆಯೋ ಮಾವನೋ ಇದ್ದರೆ ಸಂಪಿಗೆ ಇಡಿ. ಇಲ್ಲಿ ಸೋನಚಾಫಾ ಅಂತ ಕೇಳಿ, ಕಸಿ ಮಾಡಿದ್ದೇ ಬೇಕು ಅನ್ನಿ. ದೊಡ್ಡ ಕುಂಡದಲ್ಲಿ ಬೇಗ ಹೂ ಬಿಡ್ತದೆ. ಬೀಜದ ಸಸಿ ತಂದರೆ ಮೊಮ್ಮಕ್ಕಳು ಮೂಸಬೇಕಷ್ಟೆ.

ರಾತ್ರಿ ಒಂಬತ್ತೂವರೆಗೆ ಕಲ್ಯಾಣದಲ್ಲಿ ಇಳಿದು, ರಿಕ್ಷಾದ ಕ್ಯೂ ಮುಗಿಸಿ ಬರೋ ನಿಮಗೆ ಹೂವಿನ ಗಿಡ ಆಗಿಬರೋದಿಲ್ಲ. ಗವತಿ ಚಹಾ (ಅದೇ, ನಮ್ಮ ಮಜ್ಜಿಗೆ ಹುಲ್ಲು) ಇಡಿ, ಮರುಗ ಇಡಿ, ತುಳಸಿ ಹೇಗೂ ಉಂಟು. ಹೂವಿಗೆ ಹೊತ್ತುಗೊತ್ತು ಉಂಟು, ಎಲೆಗೆ ಇಲ್ಲ. ಯಾವಾಗ ಬಂದು ಉಜ್ಜಿದರೂ ಪರಿಮಳ. (ಇನ್‌ಸ್ಟಾದಲ್ಲಿ ಗವತಿ ಚಹಾದ ಫೋಟೋಗೆ ಲೈಕ್ ಬೀಳೋದಿಲ್ಲ, ಅದು ನಿಮ್ಮ ಸಂಕಟ ಅಂತ ನನಗೆ ಗೊತ್ತು.)

ಇಷ್ಟೆಲ್ಲ ಹೇಳಿದ ಮೇಲೂ ಮಲ್ಲಿಗೆಯೇ ಬೇಕು ಅಂತೀರಾ? ಸರಿ. ಮೇಯಲ್ಲಿ ಊರಿಗೆ ಹೋಗುವಾಗ ಬೀಗದ ಕೈಯನ್ನು ಎದುರು ಮನೆ ಕಾಕೂ ಹತ್ತಿರ ಕೊಟ್ಟು ಹೋಗಿ. ನೀರು ಅವರೇ ಹಾಕ್ತಾರೆ, ಹೂವೂ ಅವರೇ ಮುಡೀಲಿ.