ಗಲ್ಲಕ್ಕೂ ಒಂದು ಸ್ಕ್ಯಾನಿಂಗ್

ವಯಸ್ಸಾದಂತೆ ಮುಖದಲ್ಲಿ ಇರುವುದೆಲ್ಲ ಇಳಿಯುತ್ತದೆ, ಏರುವುದು ಕನ್ನಡಕದ ನಂಬರ್ ಒಂದೇ. ನನ್ನ ದವಡೆಯ ಅಂಚು ಜಾರಿದ್ದನ್ನು ಕನ್ನಡಿ ಸೌಜನ್ಯಕ್ಕೆ ಮುಚ್ಚಿಟ್ಟಿತ್ತು. ವಿಡಿಯೋ ಕಾಲ್ ಬಂದು ಗುಟ್ಟು ರಟ್ಟಾಯಿತು. ಫೋನನ್ನು ಮಡಿಲಲ್ಲಿಟ್ಟು ಮಾತಾಡಿದರೆ ಎಂಥ ಸುಂದರಿಗೂ ಎರಡು ಗದ್ದ.

‘ಅಮ್ಮಾ, ಕತ್ತರಿ ಇಲ್ಲ, ಸೂಜಿ ಇಲ್ಲ, ಬರೀ ಸೌಂಡು. ಹೈಫು ಅಂತ’ ಎಂದಳು ಮಗಳು. ಸೌಂಡಿಗೇ ಚರ್ಮ ಬಿಗಿಯಾಗುವುದಾದರೆ, ವರ್ಷವರ್ಷ ಗಣೇಶೋತ್ಸವದ ಸ್ಪೀಕರಿನ ಎದುರುಮನೆಯಲ್ಲಿ ಬಾಳಿದ ನಾನು ಇಷ್ಟು ಹೊತ್ತಿಗೆ ಹದಿನಾರರ ಹುಡುಗಿಯಾಗಿರಬೇಕಿತ್ತು.

ಇದು ಕಿವಿಗೆ ಕೇಳದ ಸೌಂಡಂತೆ. ಜಯನಗರದ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಅಲ್ಟ್ರಾಸೌಂಡ್ ಅಲೆಗಳು ಮೇಲ್ಚರ್ಮಕ್ಕೆ ಸುಳಿವು ಕೊಡದೆ 1.5, 3 ಅಥವಾ 4.5 ಮಿಲಿಮೀಟರ್ ಆಳದಲ್ಲಿ ಒಂದು ಚುಕ್ಕೆಗೆ ಬಂದು ಸೇರುತ್ತವೆ. ಅಲ್ಲಿ 60ರಿಂದ 70 ಡಿಗ್ರಿ ಕಾವು ಹುಟ್ಟಿ ಕೊಲಾಜೆನ್ ಎಳೆಗಳು ಮುದುಡುತ್ತವೆ. ಪೆಟ್ಟಾಯಿತೆಂದು ಗಾಬರಿಗೊಂಡ ದೇಹ ಹೊಸ ಕೊಲಾಜೆನ್ ಹೆಣೆಯಲು ಕೂರುತ್ತದೆ. ಪೆಟ್ಟು ಕೊಟ್ಟು ಕೆಲಸ ತೆಗೆಯುವ ನಮ್ಮ ಪ್ರೈಮರಿ ಶಾಲೆ ಮೇಷ್ಟ್ರ ಪದ್ಧತಿಯೇ! ಫಲ ಕಾಣಲು ಎರಡು-ಮೂರು ತಿಂಗಳು ಬೇಕು. ತೀರಾ ಜೋತುಬಿದ್ದ ಚರ್ಮಕ್ಕೆ ಇದು ಸಾಲದು, ಆಪರೇಷನ್ನೇ ಗತಿ ಎಂದೂ ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಅಮೆರಿಕದ ಎಫ್‌ಡಿಎ ಇಂಥ ಯಂತ್ರಕ್ಕೆ 2009ರಲ್ಲಿ ಹುಬ್ಬು ಎತ್ತಲು ಒಪ್ಪಿಗೆ ಕೊಟ್ಟಿತು, ಗದ್ದದಡಿಗೂ ಕುತ್ತಿಗೆಗೂ 2012ರಲ್ಲಿ. ಕಡತ ಹುಬ್ಬಿನಿಂದ ಕುತ್ತಿಗೆಗೆ ಇಳಿಯಲು ಮೂರು ವರ್ಷ. ನನ್ನ ಮುಖ ಅದಕ್ಕಿಂತ ಚುರುಕು.

ದವಡೆಗೆ ಜೆಲ್ ಬಿತ್ತು. ಅಯ್ಯೋ, ಬಸುರಿಯಾಗಿದ್ದಾಗ ಹೊಟ್ಟೆಗೆ ಬಳಿದಿದ್ದ ಅದೇ ತಣ್ಣನೆಯ ಲೋಳೆ! ಪರದೆಯ ಮೇಲೆ ಅದೇ ಬೂದು ಮಬ್ಬು. ಅಂದು ಆ ಮಬ್ಬಿನೊಳಗೆ ಕಾಲು ಝಾಡಿಸುತ್ತಿದ್ದವಳು ಇಂದು ಪಕ್ಕದಲ್ಲಿ ಕೂತು, ‘ಅಮ್ಮಾ, ನಿನ್ನ ಕೊಬ್ಬಿನ ಪದರ ನೋಡು’ ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲಿ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂದಿರುತ್ತದಲ್ಲ, ಇಲ್ಲಿ ‘ವಯಸ್ಸು ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು ಇದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

‘ಸ್ವಲ್ಪ ಚುರ್ ಅನ್ನಬಹುದು ಆಂಟಿ’ ಎಂದರು ಡಾಕ್ಟರಮ್ಮ. ಯೌವನ ಮರಳಿಸುವ ಜಾಗದಲ್ಲೂ ಆಂಟಿಯೇ. ಯಂತ್ರ ದವಡೆಯ ಮೂಳೆಯ ಹತ್ತಿರ ಬಂದಾಗ ಚುರ್ ಅನ್ನಲಿಲ್ಲ, ಒಳಗಿನಿಂದ ಯಾರೋ ಕಾದ ಸೂಜಿಯಲ್ಲಿ ಚುಚ್ಚಿದ ಹಾಗಾಯಿತು. ಎರಡು ದಿನ ಕೆನ್ನೆ ಉಬ್ಬಿ, ಒಂದೂ ಗೆರೆಯಿಲ್ಲದೆ ನಿಜಕ್ಕೂ ಚೆನ್ನಾಗಿತ್ತು. ಊತ ಇಳಿದ ಮೇಲೆ ಮತ್ತೆ ನಾನೇ.

ತಿಂಗಳುಗಳು ಕಳೆದವು. ದವಡೆಯ ಗೆರೆ ಒಂದಿಷ್ಟು ತಿದ್ದಿದಂತೆ ಕಾಣುತ್ತದೆ, ಬೆಳಕು ಎಡಗಡೆಯಿಂದ ಬಿದ್ದರೆ. ಬ್ಯಾಂಕಿನಿಂದ ರಿಟೈರ್ ಆದ ನಮ್ಮ ಯಜಮಾನರು ಬಿಲ್ಲು ಹಿಡಿದುಕೊಂಡು ಬಂದು, ‘ಎಷ್ಟು ಮೇಲೆತ್ತಿದ್ದಾರೆ?’ ಎಂದರು.

‘ಒಂದೆರಡು ಮಿಲಿಮೀಟರ್ ಇರಬಹುದೂಂದ್ರೆ.’

ಕ್ಯಾಲ್ಕುಲೇಟರ್ ಒತ್ತಿದರು. ಮತ್ತೊಮ್ಮೆ ಒತ್ತಿದರು. ‘ಈ ಲೆಕ್ಕದಲ್ಲಿ ಜಯನಗರದ ಸೈಟೇ ಅಗ್ಗ ಕಣೇ’ ಎಂದರು. ‘ಅದೂ ಅಲ್ಲದೆ, ಸೈಟು ಕೆಳಗಿಳಿಯಲ್ಲ.’